ಪಾರಿಸ ಖೋತನ ಅಗ್ಗದ ವೈರಾಗ್ಯ

ಪಾರಿಸ ಖೋತನಿಗೆ ವೈರಾಗ್ಯ ಬಂದಿದೆ, ಇನ್ನೇನು ದೀಕ್ಷೆ ತೆಗೆದುಕೊಂಡು ಮುನಿಗಳ ಹಿಂದೆ ಹೊರಟೇಹೋಗುತ್ತಾನೆ ಎಂಬ ಸುದ್ದಿ ಮಿರಜಿನ ಬಸ್ತಿ ಗಲ್ಲಿಯಲ್ಲಿ ಹುಟ್ಟಿ, ಆರಗ ದಾಟಿ, ಸಲಗರೆಯ ಬೀಗರ ಮನೆಯ ಹೊಸ್ತಿಲು ಮುಟ್ಟಿದಾಗ, ಅದು ಗೊತ್ತಿಲ್ಲದ ಮನುಷ್ಯ ಇಡೀ ತಾಲೂಕಿನಲ್ಲಿ ಒಬ್ಬನೇ ಉಳಿದಿದ್ದ. ಅವನೇ ಪಾರಿಸ ಖೋತ.

ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ ಎಂದು ಹೇಳಿಬಿಡಬಹುದಿತ್ತು. ಪಾಪದ ಮನುಷ್ಯ, ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಪಂಪಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು ಬೋಲ್ಟು ಎಣಿಸಿ ಕೊಡುವುದು, ಸಂಜೆ ಮನೆಗೆ ಬರುವುದು, ಹೆಂಡತಿ ಶಾಲನಳಿಂದ ಬೈಸಿಕೊಳ್ಳುವುದು, ಮಗಳು ಸೋನಲಳ ಮೊಬೈಲಿಗೆ ರೀಚಾರ್ಜ್ ಮಾಡುವುದು. ಇಷ್ಟರಲ್ಲಿ ಅವನ ದಿನ ಮುಗಿಯುತ್ತಿತ್ತು. ಆದರೆ ಅವನಲ್ಲಿ ಒಂದು ದೋಷವಿತ್ತು. ಕೊನೆಗೆ ಕಿವಿಗೆ ಬಿದ್ದ ಮಾತೇ ಅವನ ಪಾಲಿಗೆ ಪರಮಸತ್ಯ. ಅದನ್ನು ಊರಿಗೆಲ್ಲ ಸಾರಿದ ಮೇಲೆಯೇ ಅವನು ಅದಕ್ಕೆ ಖರ್ಚೆಷ್ಟು ಬರುತ್ತದೆಂದು ವಿಚಾರಿಸುತ್ತಿದ್ದ.

ಒಂದು ಭಾನುವಾರ ಸಾಂಗಲಿಯ ಒಂದು ಸಭಾಂಗಣದಲ್ಲಿ ‘ನಿಮ್ಮ ತಾಟಿನಲ್ಲಿ ವಿಷ’ ಎಂಬ ಉಪನ್ಯಾಸವಿತ್ತು. ಪ್ರವೇಶ ಪುಕ್ಕಟೆ, ಮೇಲೆ ಚಹಾ ಕೊಡುತ್ತಾರೆ ಎಂದು ಪಾರಿಸ ಹೋದ. ಭಾಷಣ ಮಾಡಿದ ಡಾಕ್ಟರು ಪರದೆಯ ಮೇಲೆ ದ್ರಾಕ್ಷಿ ತೋರಿಸಿದರು, ಹೂಕೋಸು ತೋರಿಸಿದರು, ಸಕ್ಕರೆ ತೋರಿಸಿದರು, ಒಂದೊಂದರ ಪಕ್ಕದಲ್ಲಿ ಒಂದೊಂದು ರೋಗ ತೋರಿಸಿದರು. ಕೊನೆಗೆ ಚಹಾ ಬಂತು. ಅದನ್ನು ಕುಡಿಯುವ ಧೈರ್ಯ ಸಭೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಮಿರಜಿಗೆ ಮರಳುವ ಬಸ್ಸಿನಲ್ಲಿಯೇ ಪಾರಿಸ ಕಂಡಕ್ಟರನಿಗೆ, ಗಲ್ಲಿಯ ತುದಿಯಲ್ಲಿ ಇಸ್ತ್ರಿಯವನಿಗೆ, ಮನೆಯ ಕಟ್ಟೆಯ ಮೇಲೆ ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ತ್ರಿಶಲಾ ಮಾವಶಿಗೆ ಒಂದೇ ಮಾತು ಹೇಳಿದ: ಇವತ್ತಿನಿಂದ ನಮ್ಮ ಮನೆಯಲ್ಲಿ ನೈಸರ್ಗಿಕ ಆಹಾರ ಬಿಟ್ಟು ಬೇರೆ ಏನೂ ಬೇಯುವುದಿಲ್ಲ. ಮರುದಿನ ಕಾರ್ಖಾನೆಯಲ್ಲಿಯೂ ಸಾರಿದ. ಆಮೇಲೆ ವಿಶ್ರಾಮಬಾಗಿನಲ್ಲಿ ಹೊಸದಾಗಿ ತೆರೆದಿದ್ದ ಸಾವಯವ ಅಂಗಡಿಗೆ ಹೋದ.

ಅಂಗಡಿಯೊಳಗೆ ತಣ್ಣನೆಯ ಗಾಳಿ, ಬಿದಿರಿನ ಬುಟ್ಟಿಗಳು, ಎಲ್ಲೋ ಕೊಳಲು. ಪಾರಿಸ ಗಾಣದ ಶೇಂಗಾ ಎಣ್ಣೆಯ ಬಾಟಲಿ ಎತ್ತಿಕೊಂಡ, ತಿರುಗಿಸಿ ಬೆಲೆ ನೋಡಿದ, ಕಂಡವರ ಕೂಸನ್ನು ಇಳಿಸುವ ಹಾಗೆ ಮೆತ್ತಗೆ ಕೆಳಗಿಟ್ಟ. ಬೆಲ್ಲ ನೋಡಿದ, ಇಟ್ಟ. ತುಪ್ಪದ ಕಡೆಗಂತೂ ದೂರದಿಂದಲೇ ಕೈಮುಗಿದ. ಅಂಗಡಿಯ ಮಾಲೀಕ ಸಂಮೇದ ಎಂಬ ತರುಣ ಬಹಳ ಮರ್ಯಾದೆಯಿಂದ ಏನು ಕೊಡಲಿ ಎಂದ. ಸುಮ್ಮನೆ ನೋಡಲು ಬಂದೆ ಎಂದು ಹೇಳಲು ನಾಚಿಕೆಯಾಗಿ ಪಾರಿಸ ಒಂದು ಸಿವುಡು ಮೆಂತೆ ಎತ್ತಿ, ಇದರ ತುಂಬ ತೂತುಗಳಿವೆಯಲ್ಲ ಎಂದು ಆಕ್ಷೇಪಿಸಿದ. ಸಂಮೇದ ನಕ್ಕು, ತೂತಿದ್ದ ಸೊಪ್ಪೇ ನಿಜವಾದ ಸೊಪ್ಪು, ಔಷಧಿ ಹೊಡೆದ ಸೊಪ್ಪನ್ನು ಹುಳ ಮುಟ್ಟುವುದಿಲ್ಲ ಎಂದು ವಿವರಿಸಿದ.

ಪಾರಿಸನ ತಲೆಯಲ್ಲಿ ಬೆಳಕಾಯಿತು. ಹುಳ ತಿಂದ ಕಾಯಿಪಲ್ಯ ಇಲ್ಲಿ ಬಂಗಾರದ ಬೆಲೆಗೆ ಮಾರುತ್ತಾರೆ, ಮಿರಜಿನ ಮಾರ್ಕೆಟ್ಟಿನಲ್ಲಿ ಅದನ್ನು ಎಮ್ಮೆಗೆ ಹಾಕುತ್ತಾರೆ. ಅವನು ಮೆಂತೆ ಇಟ್ಟು, ಸಂಮೇದನಿಗೆ ಮನಸಾರೆ ವಂದಿಸಿ, ನೇರವಾಗಿ ಮಿರಜಿನ ಮಾರ್ಕೆಟ್ಟಿಗೆ ಬಂದ. ಅಲ್ಲಿ ವಿಜಾಪುರದ ಕಡೆಯಿಂದ ಬಂದು ಕಾಯಿಪಲ್ಯ ಮಾರುತ್ತಿದ್ದ ರಾಯವ್ವ ಅವನ ಮುಂದೆ ಎಳೆಯ ಬೆಂಡೆಕಾಯಿ ಸುರಿದಳು. ಪಾರಿಸ ಅದನ್ನು ಬದಿಗೆ ಸರಿಸಿ, ಹಿಂದಿನ ಡಬ್ಬಿಯೊಳಗೆ ಕೈಹಾಕಿ, ಒಂದೊಂದೇ ಹುಳುಕು ಬೆಂಡೆಕಾಯಿ ಆರಿಸತೊಡಗಿದ. ರಾಯವ್ವ ಸ್ವಲ್ಪ ಹೊತ್ತು ನೋಡಿ, ಮನೆಯಲ್ಲಿ ಎಷ್ಟು ಆಡು ಕಟ್ಟಿದ್ದೀರಿ ಎಂದು ಕೇಳಿದಳು. ಆಡಿಗಲ್ಲ, ನಾವೇ ತಿನ್ನಲಿಕ್ಕೆ ಎಂದ ಪಾರಿಸ. ರಾಯವ್ವ ದುಡ್ಡು ತೆಗೆದುಕೊಳ್ಳಲಿಲ್ಲ, ಮೇಲೆ ಕನಿಕರಪಟ್ಟು ಎರಡು ನಿಂಬೆಹಣ್ಣನ್ನೂ ಚೀಲಕ್ಕೆ ಹಾಕಿದಳು.

ಜೈನರ ಮನೆಯಲ್ಲಿ ಪಲ್ಯ ಸೋಸುವುದೆಂದರೆ ಏನೆಂದು ಗೊತ್ತಿದ್ದವನು ಆ ಚೀಲ ಮನೆಗೆ ತರುತ್ತಿರಲಿಲ್ಲ. ಶಾಲನ ಒಂದು ಸಿವುಡು ಮೆಂತೆ ಸೋಸಲು ಕುಳಿತರೆ ಟೀವಿಯ ಧಾರಾವಾಹಿ ಒಂದು ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಎಲೆಯ ಎರಡೂ ಮಗ್ಗುಲು ನೋಡಬೇಕು. ಒಂದು ಜೀವಕ್ಕೂ ಅಪಾಯವಾಗಬಾರದು. ಅಪ್ಪಿತಪ್ಪಿ ಹುಳ ಸಿಕ್ಕರೆ ಅದನ್ನು ಕಾಗದದ ಮೇಲೆ ಏರಿಸಿಕೊಂಡು ಹೋಗಿ ಅಂಗಳದ ದಾಸವಾಳದ ಗಿಡಕ್ಕೆ ಬಿಟ್ಟು ಬರಬೇಕು. ಆವತ್ತು ಅವಳು ಒಲೆಗೂ ದಾಸವಾಳಕ್ಕೂ ಎಷ್ಟು ಸಲ ಅಡ್ಡಾಡಿದಳೆಂದರೆ ಒಲೆಯ ಮೇಲಿನ ಅನ್ನ ಸೀದು ಗಲ್ಲಿಗೆಲ್ಲ ವಾಸನೆ ಹೊಡೆಯಿತು. ಪಾರಿಸ ಮಾತ್ರ ಒಂದೊಂದು ಹುಳ ಕಂಡಾಗಲೂ ಖರೇ ಮಾಲು ಸಿಕ್ಕಿತೆಂದು ಹಿಗ್ಗುತ್ತಿದ್ದ.

“ಮಂದಿ ಹುಳ ಬಿಟ್ಟು ಪಲ್ಯ ತರ್ತಾರ್ರಿ,” ಎಂದಳು ಶಾಲನ, ಸೊಂಟದ ಮೇಲೆ ಕೈಯಿಟ್ಟು. “ನೀವು ಪಲ್ಯ ಬಿಟ್ಟು ಹುಳ ತಂದೀರಿ.”

ಆ ವಾರ ಕಳೆಯುವಷ್ಟರಲ್ಲಿ ದಾಸವಾಳದ ಗಿಡದಲ್ಲಿ ಎಲೆ ಉಳಿಯಲಿಲ್ಲ. ಪಾರಿಸ ಇನ್ನು ಮಾರ್ಕೆಟ್ಟಿನ ಕಡೆ ತಲೆಹಾಕಕೂಡದು ಎಂದು ಶಾಲನ ಕಟ್ಟಪ್ಪಣೆ ಮಾಡಿದಳು. ಆದರೆ ಗಲ್ಲಿಗೆಲ್ಲ ಸಾರಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಪಾರಿಸ ಬಹಳ ಯೋಚಿಸಿ ಎರಡನೆಯ ಹಾದಿ ಕಂಡುಹಿಡಿದ. ಶುದ್ಧವಾದದ್ದನ್ನು ಕೊಳ್ಳಲು ಆಗದಿದ್ದರೆ ಅಶುದ್ಧವಾದದ್ದನ್ನು ಬಿಟ್ಟುಬಿಡಬಹುದಲ್ಲ. ಬಿಡುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಹೀಗೆ ಅವನು ಸಕ್ಕರೆ ಬಿಟ್ಟ. ಪಾಕೀಟಿನ ಎಣ್ಣೆ ಬಿಟ್ಟ. ಪೇಟೆಯ ಮಿಠಾಯಿ ಬಿಟ್ಟ. ಕೂದಲಿಗೆ ಹಚ್ಚುವ ಬಣ್ಣದಲ್ಲಿಯೂ ರಾಸಾಯನಿಕ ಇದೆಯೆಂದು ಅದನ್ನು ಬಿಟ್ಟ, ತಲೆ ಬೆಳ್ಳಗಾಯಿತು. ಸಾಬೂನು ಬಿಟ್ಟು ಕಡಲೆಹಿಟ್ಟು ತಿಕ್ಕಿಕೊಂಡ. ಪೆಟ್ರೋಲಿನ ದುಡ್ಡು ಉಳಿಸಿ ತುಪ್ಪಕ್ಕೆ ಹಾಕಬಹುದೆಂದು ಮೋಟರ್ ಸೈಕಲ್ ಮೂಲೆಗೆ ನಿಲ್ಲಿಸಿ ಹಳೆಯ ಸೈಕಲ್ ಹತ್ತಿ ಕುಪವಾಡಕ್ಕೆ ಹೋಗತೊಡಗಿದ. ಸಂಜೆ ಬರುವಷ್ಟರಲ್ಲಿ ಕಾಲು ಸೋತು, ಹೊಟ್ಟೆ ಹಸಿದು, ಹೊತ್ತು ಮುಳುಗುವುದಕ್ಕೆ ಮೊದಲೇ ಉಂಡು ಚಾಪೆಯ ಮೇಲೆ ಬೀಳುತ್ತಿದ್ದ. ಕತ್ತಲಾದ ಮೇಲೆ ಸ್ಟೇಷನ್ನಿನ ಹತ್ತಿರ ನಿಂತು ಭೇಳ ತಿನ್ನುತ್ತಿದ್ದ ಮನುಷ್ಯ ಹೀಗಾದದ್ದನ್ನು ಗಲ್ಲಿಯ ಕಣ್ಣುಗಳು ಗಮನಿಸುತ್ತಿದ್ದವು.

ಅಷ್ಟರಲ್ಲಿ ತ್ರಿಶಲಾ ಮಾವಶಿಯ ಮಗ ನೀಲೇಶ ಹೊಸ ಮನೆಯ ವಾಸ್ತುಶಾಂತಿ ಮಾಡಿದ. ಊಟಕ್ಕೆ ಕುಳಿತ ಪಾರಿಸನ ತಾಟಿಗೆ ನೀಲೇಶ ತಾನೇ ನಿಂತು ಗುಲಾಬ್ ಜಾಮೂನು ಹಾಕಲು ಬಂದ. ಬ್ಯಾಡ ಎಂದರೆ ಬಿಡುವ ನಾಡಲ್ಲ ನಮ್ಮದು. ಬ್ಯಾಡ ಎಂದವನಿಗೆ ಎರಡು ಹೆಚ್ಚು ಬೀಳುತ್ತವೆ. ಪಾರಿಸ ತಾಟಿಗೆ ಎರಡೂ ಕೈ ಅಡ್ಡ ಹಿಡಿದು, ಈ ಸಕ್ಕರೆಯಲ್ಲಿ ಏನೇನು ಬೆರೆಸಿರುತ್ತಾರೆಂದು ವಿವರಿಸಲು ಹೊರಟ. ನೀಲೇಶನ ಮುಖ ಸಣ್ಣದಾಯಿತು. ಸಾಲಿನಲ್ಲಿ ಕುಳಿತವರೆಲ್ಲ ಉಣ್ಣುವುದು ನಿಲ್ಲಿಸಿ ತಮ್ಮ ತಮ್ಮ ಜಾಮೂನು ನೋಡಿಕೊಂಡರು. ಮನೆ ಕಟ್ಟಿಸಿದ ಸಂತೋಷದಲ್ಲಿದ್ದ ಹುಡುಗನ ಊಟಕ್ಕೆ ವಿಷ ಎನ್ನುವುದು ಹೇಗೆ? ಪಾರಿಸ ಮಾತು ನುಂಗಿ, ತಪ್ಪಿಸಿಕೊಳ್ಳಲು ಸಿಕ್ಕ ಒಂದೇ ದಾರಿ ಹಿಡಿದ.

“ಬ್ಯಾಸರಾಗಬ್ಯಾಡ ನೀಲೇಶ. ನನಗ ಸಕ್ಕರಿ ತ್ಯಾಗ ಐತಿ.”

ಈ ಮಾತಿನ ತೂಕ ಬಲ್ಲವರೇ ಬಲ್ಲರು. ಈ ಮಂದಿಯಲ್ಲಿ ಮಹಾರಾಜರೆಂದು ಕರೆಯುವ ಮುನಿಗಳ ಮುಂದೆಯೋ ಬಸ್ತಿಯಲ್ಲಿ ದೇವರ ಮುಂದೆಯೋ ನಿಂತು ಒಂದು ಪದಾರ್ಥವನ್ನು ಬಿಡುತ್ತೇನೆಂದು ನಿಯಮ ಹಿಡಿಯುವ ಪದ್ಧತಿಯಿದೆ. ಹಾಗೆ ಬಿಟ್ಟವನಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಯಾಕೆ ಬಿಟ್ಟೆ ಎಂದು ಕೇಳುವುದೂ ಇಲ್ಲ. ನೀಲೇಶ ತಟ್ಟನೆ ಸೌಟು ಹಿಂದಕ್ಕೆಳೆದು ಕೈಮುಗಿದ. ತ್ರಿಶಲಾ ಮಾವಶಿ ಒಳಗೆ ಓಡಿದಳು. ಕಟ್ಟುನಿಟ್ಟಿನ ನಿಯಮದವರಿಗೆಂದು ಬೇರೆಯಾಗಿ ಮಾಡಿಟ್ಟ ಅಡುಗೆ ಹೊರಗೆ ಬಂತು. ಸ್ವಂತ ಹೊಲದ ಜೋಳ, ಕೈಯಿಂದ ಆರಿಸಿ ಮನೆಯಲ್ಲಿ ಬೀಸಿದ ಹಿಟ್ಟಿನ ಭಕ್ಕರಿ, ಬಾವಿಯ ನೀರು ಬಟ್ಟೆಯಲ್ಲಿ ಸೋಸಿ ಮಾಡಿದ ಬೇಳೆ, ಮನೆಯ ಆಕಳ ತುಪ್ಪ, ಗಾಣದ ಮನೆಯಿಂದ ತಂದ ಬೆಲ್ಲ. ಪಾರಿಸ ಮೊದಲ ತುತ್ತು ಬಾಯಿಗಿಟ್ಟು ಕಣ್ಣುಮುಚ್ಚಿದ. ಸಂಮೇದನ ಅಂಗಡಿಯಲ್ಲಿ ದೂರದಿಂದ ಕೈಮುಗಿದು ಬಂದದ್ದೆಲ್ಲ ತಾಟಿನಲ್ಲಿತ್ತು. ಅದಕ್ಕೆ ಅವನು ಕೊಟ್ಟದ್ದು ಒಂದೇ ಮಾತು.

ಅಂದಿನಿಂದ ಪಾರಿಸ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಹೊರಗೆ ಹೊರಟ. ಸೀಮಂತಕ್ಕೆ ಹೋದರೆ ಎಣ್ಣೆ ತ್ಯಾಗ, ಕೂಸಿಗೆ ಹೆಸರಿಡುವ ಬಾರಸಕ್ಕೆ ಹೋದರೆ ಮೈದಾ ತ್ಯಾಗ. ಎಲ್ಲಿ ಹೋದರೂ ಅವನಿಗೆಂದು ಒಳಗಿನಿಂದ ಬೇರೆ ತಾಟು ಬರುತ್ತಿತ್ತು, ತಾಟಿನಲ್ಲಿ ತುಪ್ಪ ಹರಿಯುತ್ತಿತ್ತು. ಕಮ್ಮಿ ಖರ್ಚಿನಲ್ಲಿ ನೈಸರ್ಗಿಕ ಆಹಾರ ಸಾಧ್ಯವೇ ಇಲ್ಲ ಎನ್ನುವವರನ್ನು ಕಂಡರೆ ಅವನು ಈಗ ಮುಗುಳ್ನಗುತ್ತಿದ್ದ.

ಇತ್ತ ತ್ರಿಶಲಾ ಮಾವಶಿ ಲೆಕ್ಕ ಕೂಡಿಸುತ್ತಿದ್ದಳು. ಆ ಗಲ್ಲಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂಬುದರ ಮೇಲೆ ಬಂದ ಬೀಗರು ಎಷ್ಟು ಮಂದಿಯೆಂದು ಹೇಳಬಲ್ಲ ಹೆಂಗಸು ಅವಳು. ಸಕ್ಕರೆ ಬಿಟ್ಟ, ಎಣ್ಣೆ ಬಿಟ್ಟ, ಮಿಠಾಯಿ ಬಿಟ್ಟ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಗಾಡಿ ಬಿಟ್ಟ, ಸಾಬೂನು ಬಿಟ್ಟ, ಶೃಂಗಾರ ಬಿಟ್ಟು ತಲೆ ಬೆಳ್ಳಗೆ ಮಾಡಿಕೊಂಡ. ಚಾಪೆಯ ಮೇಲೆ ಮಲಗುತ್ತಾನೆ. ಇಷ್ಟೆಲ್ಲ ಬಿಟ್ಟವನು ಇನ್ನು ಬಿಡಬೇಕಾದದ್ದು ಏನು ಉಳಿಯಿತು? ಮನೆಯೊಂದೇ. ಮಾವಶಿ ಎದೆಯ ಮೇಲೆ ಕೈಯಿಟ್ಟುಕೊಂಡು ಶಾಲನಳ ಅಡುಗೆಮನೆಗೆ ಬಂದಳು.

ಅವಳು ಹೇಳಿದ್ದನ್ನು ಕೇಳಿ ಶಾಲನ ಕೈಯೊಳಗಿನ ಲಟ್ಟಣಿಗೆ ಹಿಡಿದುಕೊಂಡೇ ನೆಲಕ್ಕೆ ಕುಳಿತಳು. ಈಗಲೇ ಹೋಗಿ ಕೇಳಿಬಿಡುತ್ತೇನೆ ಎಂದು ಏಳಲು ಹೋದವಳನ್ನು ಮಾವಶಿ ಹಿಡಿದು ಕೂರಿಸಿದಳು. ದೀಕ್ಷೆಗೆ ಹೊರಟವನನ್ನು ತಡೆಯುವುದು ಮಹಾಪಾಪ, ಅಂತರಾಯ ಕರ್ಮ ಕಟ್ಟಿಕೊಳ್ಳುತ್ತದೆ, ಜನ್ಮಜನ್ಮಕ್ಕೂ ಬಿಡುವುದಿಲ್ಲ. ಕೇಳುವುದೂ ಒಂದೇ, ಅಳುವುದೂ ಒಂದೇ, ಹೆಂಡತಿಯ ಕಣ್ಣೀರು ಕಂಡರೆ ಅವನ ಮನಸ್ಸು ಮತ್ತೆ ಸಂಸಾರಕ್ಕೆ ಜಾರೀತು. ಬಾಯಿ ಹೊಲಿದುಕೊಂಡು ನಗುತ್ತ ಕಳಿಸಬೇಕು ಎಂದು ಬುದ್ಧಿ ಹೇಳಿ, ಮಾವಶಿ ಅದೇ ಮಾತನ್ನು ಗಲ್ಲಿಯ ಮನೆಮನೆಗೂ ಹೇಳಿ ಬಂದಳು. ಹೀಗಾಗಿ ಎಲ್ಲರಿಗೂ ಗೊತ್ತಿದ್ದ ಸುದ್ದಿಯನ್ನು ಯಾರೊಬ್ಬರೂ ಪಾರಿಸನ ಮುಂದೆ ಬಾಯಿಬಿಟ್ಟು ಆಡಲಿಲ್ಲ.

ಶಾಲನಳ ಕಷ್ಟ ಯಾರಿಗೂ ಬೇಡ. ಮದುವೆಯಾದ ದಿನದಿಂದ ಅವಳು ಆ ಮನುಷ್ಯನನ್ನು ಬೈದೇ ಬಂದಿದ್ದಳು, ಬೈದಷ್ಟೂ ಅವನು ಅವಳವನಾಗುತ್ತ ಬಂದಿದ್ದ. ಈಗ ಅವನು ಹೊರಟುಹೋಗುತ್ತಾನೆಂದು ನೆನೆದರೆ ಎದೆ ಒಡೆದುಹೋಗುತ್ತಿತ್ತು. ಆದರೂ ನಗಬೇಕು. ಅವಳು ಬೈಯುವುದು ನಿಲ್ಲಿಸಿದಳು. ಅವನು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೆ ಮೆತ್ತಗೆ ಎತ್ತಿ ಒಣಹಾಕಿದಳು. ಗ್ಯಾಸು ಬುಕ್ ಮಾಡುವುದು ಹೇಗೆ, ಕರೆಂಟಿನ ಬಿಲ್ಲು ತುಂಬುವುದು ಎಲ್ಲಿ ಎಂದು ಒಂದೊಂದೇ ಕೇಳಿ ಕಲಿತುಕೊಂಡಳು. ಸೋನಲ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಫೋಟೋ ತೆಗೆದುಕೊಳ್ಳುತ್ತ ಕಣ್ಣೊರೆಸಿಕೊಂಡಳು. ಯಾಕೆ ಎಂದರೆ ಮರಾಠಿಯಲ್ಲಿ ಏನೋ ಗೊಣಗಿ ಓಡಿಹೋದಳು. ಸಾತ್ವಿಕ ಆಹಾರದಿಂದ ಇಡೀ ಮನೆಯ ಸ್ವಭಾವ ಸುಧಾರಿಸಿತೆಂದು ಪಾರಿಸ ಕಾರ್ಖಾನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ.

ಆಮೇಲೆ ಆಮಂತ್ರಣಗಳು ಶುರುವಾದವು. ಮನೆ ಬಿಟ್ಟು ಹೋಗುವವನನ್ನು ಬಂಧುಬಳಗದವರು ಒಬ್ಬೊಬ್ಬರಾಗಿ ಕರೆದು ಉಣಿಸಿ, ಉಡಿ ತುಂಬಿ ಕಳಿಸುವುದು ರೂಢಿ. ಪಾರಿಸ ಮಾತ್ರ ತನ್ನಿಂದ ಆಹಾರದ ಮಾರ್ಗದರ್ಶನ ಪಡೆಯಲು ಜನ ಹಾತೊರೆಯುತ್ತಿದ್ದಾರೆಂದು ತಿಳಿದ. ಹೋದಲ್ಲೆಲ್ಲ ಮಣೆಯ ಮೇಲೆ ಕೂರಿಸಿ, ಕಾಲಿಗೆ ನೀರು ಹಾಕಿ, ಮನೆಯ ಅತ್ಯುತ್ತಮವಾದದ್ದನ್ನು ಬಡಿಸಿದರು. ಎದ್ದು ಹೊರಡುವಾಗ ಬಾದಾಮಿ, ಖಾರೀಕು, ಒಣದ್ರಾಕ್ಷಿ ಉಡಿಗೆ ಹಾಕಿದರು. ಅವನು ತುಪ್ಪದ ಗುಣ ಹೇಳಿದರೆ ಜನ ತಲೆಬಾಗಿ ಕೇಳಿದರು. ಈ ಬೆಲ್ಲ ಎಲ್ಲಿಯದು, ಯಾರ ಹೊಲದ್ದು ಎಂದು ವಿಚಾರಿಸಿದರೆ, ಎಂಥ ವಿವೇಕ, ಒಂದು ಕಣವನ್ನೂ ಶೋಧಿಸದೆ ಮುಟ್ಟುವುದಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅವನ ಸ್ಫೂರ್ತಿಯಿಂದ ನೀಲೇಶ ತಂಬಾಕಿನ ಮಾವಾ ಬಿಟ್ಟ. ಇನ್ನೊಂದು ಮನೆಯ ಅತ್ತೆ ಸೊಸೆಯರು ಜಗಳ ಬಿಟ್ಟರು.

ಒಂದೇ ಒಂದು ತೊಡಕಿತ್ತು. ಇಷ್ಟು ತ್ಯಾಗ ಮಾಡಿದವನ ಹೊಟ್ಟೆ ದಿನೇದಿನೇ ಮುಂದಕ್ಕೆ ಬರುತ್ತಿತ್ತು, ಕೆನ್ನೆ ಹೊಳೆಯುತ್ತಿತ್ತು. ಯಾರೋ ಅನುಮಾನದಿಂದ ಕೇಳಿದ್ದಕ್ಕೆ ತ್ರಿಶಲಾ ಮಾವಶಿ, ಅದು ವೈರಾಗ್ಯದ ತೇಜಸ್ಸು, ಒಳಗೆ ಹಿಡಿಸಲಾರದೆ ಹೊರಗೆ ಬರುತ್ತಿದೆ ಎಂದು ತೀರ್ಪು ಕೊಟ್ಟಳು.

ಕೊನೆಗೆ ಆರಗದಿಂದ ಶಾಲನಳ ಅಣ್ಣ ಸನ್ಮತಿ ಬಂದ. ಆರಗದಲ್ಲಿ ಮಹಾರಾಜರ ಚಾತುರ್ಮಾಸ ನಡೆದಿತ್ತು. ಅವನು ತಂಗಿಯ ಗಂಡನ ಎರಡೂ ಕೈ ಹಿಡಿದು, ದಾಜೀ, ಭಾನುವಾರ ಕಾರ್ಯಕ್ರಮ ಇಟ್ಟಿದ್ದೇವೆ, ಸುತ್ತಲಿನ ಊರೆಲ್ಲ ನಿಮ್ಮನ್ನು ನೋಡಲು ಬರುತ್ತದೆ, ಎರಡು ಮಾತು ಆಡಬೇಕು ಎಂದು ಗದ್ಗದವಾಗಿ ಹೇಳಿದ. ಮಾವಶಿಯ ಕಟ್ಟಪ್ಪಣೆ ಅವನಿಗೂ ಮುಟ್ಟಿದ್ದರಿಂದ ಯಾವ ಕಾರ್ಯಕ್ರಮ ಎಂದು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳುವ ಅಗತ್ಯ ಪಾರಿಸನಿಗೂ ಕಾಣಲಿಲ್ಲ. ಇದು ತನ್ನ ಸತ್ಕಾರ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಮರ್ಯಾದೆ ಮಾಡುತ್ತಾರೆ. ‘ಕಮ್ಮಿ ಖರ್ಚಿನ ನೈಸರ್ಗಿಕ ಆಹಾರ’ ಎಂಬ ಭಾಷಣವನ್ನು ಅವನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ. ಬಾಗಿಲ ಮರೆಯಲ್ಲಿ ನಿಂತ ಶಾಲನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭಾನುವಾರ ಆರಗದ ಅಗಸಿಯಲ್ಲಿ ಬ್ಯಾಂಡಿನವರು ನಿಂತಿದ್ದರು. ಜೂಲು ಹೊದಿಸಿದ ಬಿಳಿ ಕುದುರೆ ನಿಂತಿತ್ತು. ಪಾರಿಸನಿಗೆ ಬಿಳಿ ಧೋತರ ಉಡಿಸಿ, ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿ ಕುದುರೆ ಹತ್ತಿಸಿದರು. ಮಾಳಿಗೆಗಳ ಮೇಲಿಂದ ಹೂವು ಬಿದ್ದವು. ಮುದುಕಿಯರು ಕುದುರೆಗೆ ಅಡ್ಡಬಂದು ಅವನ ಪಾದ ಮುಟ್ಟಿಕೊಂಡರು. ಸಾವಯವ ಆಹಾರದ ಬಗ್ಗೆ ಆರಗದ ಮಂದಿಗೆ ಇಷ್ಟು ಕಳಕಳಿ ಇದೆಯೆಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಸಾಂಗಲಿಯ ಆ ಡಾಕ್ಟರಿಗೆ ಬರೀ ಚಹಾ ಕೊಟ್ಟಿದ್ದರು.

ಮಂಟಪದಲ್ಲಿ ಎತ್ತರದ ಪೀಠದ ಮೇಲೆ ಮಹಾರಾಜರು ಶಾಂತವಾಗಿ ಕುಳಿತಿದ್ದರು. ಪಾರಿಸ ನಮಸ್ಕರಿಸಿ ಎದ್ದ ಕೂಡಲೇ ಸನ್ಮತಿ ಅವನ ಕೈಗೊಂದು ತೆಂಗಿನಕಾಯಿ ಕೊಟ್ಟ. ಸತ್ಕಾರ ಆಯಿತೆಂದು ಪಾರಿಸ ಅದನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು ಮೈಕಿನ ಮುಂದೆ ಬಂದ. ನಾನು ಮೊದಲು ಸಕ್ಕರೆ ಬಿಟ್ಟೆ ಎಂದ. ಸಭೆ ಜಯಕಾರ ಹಾಕಿತು. ಆಮೇಲೆ ಎಣ್ಣೆ ಬಿಟ್ಟೆ ಎಂದ. ಇನ್ನೂ ದೊಡ್ಡ ಜಯಕಾರ. ಬಿಡುವುದು ಕಷ್ಟವಲ್ಲ, ಬಿಟ್ಟ ಮೇಲೆ ಸಿಗುವ ಸುಖ ಬಿಟ್ಟವರಿಗೇ ಗೊತ್ತು, ನೀವೂ ಒಂದೊಂದಾಗಿ ಬಿಡಿರಿ, ಖರ್ಚು ಏನೂ ಇಲ್ಲ ಎಂದ. ಹೆಂಗಸರ ಸಾಲಿನಲ್ಲಿ ಅಳು ತಡೆಯಲಿಲ್ಲ. ಇಂಥ ಸಭೆ ಸಿಕ್ಕರೆ ಯಾರಿಗೆ ಹುರುಪು ಬರುವುದಿಲ್ಲ? ಪಾರಿಸ ಮುಖ್ಯವಾದ ಭಾಗಕ್ಕೆ, ಅಂದರೆ ಗಾಣದ ಎಣ್ಣೆಯ ವಿಷಯಕ್ಕೆ ಬರುವಷ್ಟರಲ್ಲಿ ಸನ್ಮತಿ ಮೈಕು ತೆಗೆದುಕೊಂಡ.

“ಇನ್ನ ನಮ್ಮ ದಾಜಿಯವರು ಮಹಾರಾಜರ ಪಾದಕ್ಕ ಶ್ರೀಫಲ ಅರ್ಪಿಸಿ, ದೀಕ್ಷಾ ಕೊಡ್ರಿ ಅಂತ ವಿನಂತಿ ಮಾಡ್ತಾರ.”

ಪಾರಿಸನ ಕಂಕುಳಿನಿಂದ ಕಾಯಿ ಜಾರಿತು. ಬಾಗಿ ಹಿಡಿದುಕೊಂಡು ಎದ್ದಾಗ ಮೊದಲ ಸಲ ಅವನ ಕಣ್ಣಿಗೆ ಆ ಮಂಟಪ ಸರಿಯಾಗಿ ಕಂಡಿತು. ಹಿಂದಿನ ದೊಡ್ಡ ಫ್ಲೆಕ್ಸಿನಲ್ಲಿ ಅವನದೇ ಮುಖ, ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಅದರ ಕೆಳಗೆ, ಸಂಸಾರದಿಂದ ಸಂಯಮದ ಕಡೆಗೆ ಎಂಬ ಅಕ್ಷರಗಳು. ಮುಂದಿನ ಸಾಲಿನಲ್ಲಿ ಕಣ್ಣು ಕೆಂಪಗಾದ ಸೋನಲ. ಗ್ಯಾಸು ಬುಕ್ ಮಾಡುವುದನ್ನು ಹೆಂಡತಿ ಯಾಕೆ ಕಲಿತಳೆಂಬುದು ಅವನಿಗೆ ಆಗ ಹೊಳೆಯಿತು. ಇಲ್ಲ ಎನ್ನಲು ಬಾಯಿ ತೆರೆದ. ಜಯಕಾರದ ಅಬ್ಬರದಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಇಷ್ಟು ಮಂದಿಯ ಕಣ್ಣೀರು, ಬ್ಯಾಂಡು, ಕುದುರೆ, ಎಲ್ಲದರ ಮುಂದೆ ನಿಂತು, ಅಗ್ಗದ ತುಪ್ಪಕ್ಕಾಗಿ ಹೀಗೆ ಮಾಡಿದೆ ಎಂದು ಹೇಳುವುದಾದರೂ ಹೇಗೆ? ಅವನು ತೆಂಗಿನಕಾಯಿಯನ್ನು ಎದೆಗೆ ಅವುಚಿಕೊಂಡ. ಜನ ಅದನ್ನೂ ಭಕ್ತಿಯೆಂದು ತಿಳಿದರು.

ಮಹಾರಾಜರು ಕೈಯೆತ್ತಿದರು. ಸಭೆ ಸ್ತಬ್ಧವಾಯಿತು. ಮನೆಯವರ ಒಪ್ಪಿಗೆ ಇಲ್ಲದೆ ದೀಕ್ಷೆಯ ಮಾತಿಲ್ಲ, ಮೊದಲು ಇವನ ಹೆಂಡತಿ ಹೇಳಲಿ ಎಂದರು. ಶಾಲನ ಎದ್ದು ನಿಂತಳು. ಪಕ್ಕದಲ್ಲಿದ್ದ ತ್ರಿಶಲಾ ಮಾವಶಿ ಅವಳ ಸೆರಗು ಹಿಡಿದು, ಹೂಂ ಅನ್ನು ಎಂದು ಪಿಸುಗುಟ್ಟಿದಳು. ಶಾಲನ ಸೆರಗು ಬಿಡಿಸಿಕೊಂಡಳು.

“ಇವರನ್ನ ತಡದ್ರ ನನಗ ಪಾಪ ಹತ್ತತೈತಿ ಅಂತ ಗೊತ್ತೈತ್ರಿ ಮಹಾರಾಜ. ಹತ್ತಲಿ. ಇವರಿಗೆ ಒಂದು ಪಲ್ಯಾ ಸುದ್ದಾ ಆರಿಸಿ ತರಾಕ ಬರಂಗಿಲ್ಲ. ಇವರ ಮಾತ ಕೇಳಿ ಗ್ವಾಡಿಗೆ ತಲಿ ಹೊಡಕೋಬೇಕ ಅನಸತೈತಿ. ಆದ್ರ ಸಂಜಿಕ ಇವರು ಬಾಗಲದಾಗ ಚಪ್ಪಲ್ ಬಿಟ್ಟಿದ್ದು ಕೇಳಲಿಲ್ಲಂದ್ರ ನನಗ ಮನಿ ಮನಿ ಅನಸಂಗಿಲ್ರಿ. ನಾ ಕೊಡಂಗಿಲ್ಲ ಇವರನ್ನ.”

ಹೇಳಿದವಳು ಅತ್ತುಬಿಟ್ಟಳು. ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಗೇ ಬಂತು. ಪಾರಿಸ ಹೆಂಡತಿಯ ಬಾಯಿಂದ ಇಂಥ ಮಾತನ್ನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವನು ಅಲ್ಲಿಯೇ ಮಹಾರಾಜರ ಪೀಠದ ಮುಂದೆ ಕುಸಿದು ಕುಳಿತ. ಮಹಾರಾಜರು ಬಹಳ ಹೊತ್ತಿನಿಂದ ಅವನ ಹೊಟ್ಟೆಯ ಕಡೆ ನೋಡುತ್ತಿದ್ದರು. ಈಗ ಮೆತ್ತಗೆ ಕೇಳಿದರು.

“ಸಕ್ಕರಿ ಬಿಟ್ಟಿ ಅಂದೆಲ್ಲಪಾ. ಅದರ ಬದಲಿ ಏನ ತಿಂತಿ?”

“ಬೆಲ್ಲಾರಿ ಮಹಾರಾಜ,” ಎಂದ ಪಾರಿಸ, ಸಣ್ಣ ದನಿಯಲ್ಲಿ. ಮೈಕು ಅದನ್ನು ಊರಿಗೆಲ್ಲ ಕೇಳಿಸಿತು.

“ಎಣ್ಣಿ ಬಿಟ್ಟ ಮ್ಯಾಲೆ?”

“ಆಕಳ ತುಪ್ಪಾರಿ.”

“ಮಿಠಾಯಿ ಬಿಟ್ಟ ಮ್ಯಾಲೆ?”

“ಮಂದಿ ಮನ್ಯಾಗ ಮಾಡಿದ ಉಂಡಿಗೋಳ್ರಿ. ಅಂಟಿನವು, ಬ್ಯಾಸನದವು. ಎರಡೂ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಬಂದು ಮುಂದಿನವರನ್ನು ಮುಟ್ಟಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಪಾರಿಸ ಉಪನ್ಯಾಸದಿಂದ ಹಿಡಿದು ಹುಳುಕು ಬೆಂಡೆಕಾಯಿಯವರೆಗೆ, ಅಲ್ಲಿಂದ ಜಾಮೂನಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಶುದ್ಧ ಆಹಾರ ಕೊಳ್ಳುವ ತಾಕತ್ತಿಲ್ಲದೆ ತ್ಯಾಗದ ಹೆಸರು ಹೇಳಿದೆ, ದೀಕ್ಷೆಯ ವಿಷಯ ಈಗಷ್ಟೇ ಗೊತ್ತಾಯಿತು, ಕ್ಷಮಿಸಬೇಕು ಎಂದ. ಅಷ್ಟು ಹೊತ್ತಿಗೆ ಇಡೀ ಮಂಟಪ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಗದೆ ಕುಳಿತವರು ಇಬ್ಬರೇ. ಒಬ್ಬಳು ತ್ರಿಶಲಾ ಮಾವಶಿ. ಇನ್ನೊಬ್ಬ ನೀಲೇಶ. ಅವನು ಎದ್ದು ನಿಂತು, ಹಾಗಾದರೆ ನಾನು ಮಾವಾ ಬಿಟ್ಟದ್ದು ರದ್ದಾಯಿತೇ ಎಂದು ಆಸೆಯಿಂದ ಕೇಳಿದ. ಇವನದು ಸುಳ್ಳಾದರೆ ನಿನ್ನದು ಯಾಕೆ ಸುಳ್ಳಾಗಬೇಕು, ಕೂತುಕೋ ಎಂದರು ಮಹಾರಾಜರು. ನೀಲೇಶ ಮುಖ ಇಳಿಸಿ ಕುಳಿತ.

ಶಾಲನ ಇನ್ನೂ ನಿಂತೇ ಇದ್ದಳು. ತನಗೆ ಹತ್ತಿದ ಪಾಪದ ಗತಿಯೇನು ಎಂದು ಅವಳಿಗೆ ದಿಗಿಲು. ಇಲ್ಲದ ವೈರಾಗ್ಯಕ್ಕೆ ನೀನು ಅಡ್ಡ ಬರುವುದಾದರೂ ಹೇಗೆ ತಾಯೀ ಎಂದು ಮಹಾರಾಜರು ಅವಳಿಗೆ ಸಮಾಧಾನ ಹೇಳಿದರು. ಆಮೇಲೆ ಪಾರಿಸನ ಕಡೆ ತಿರುಗಿ, ಇಷ್ಟು ಮಂದಿಯ ಎದುರು ತ್ಯಾಗ ತ್ಯಾಗ ಎಂದಿದ್ದೀಯ, ಒಂದಾದರೂ ನಿಜವಾದ ನಿಯಮ ತೆಗೆದುಕೊಂಡೇ ಹೋಗಬೇಕು ಎಂದರು. ಪಾರಿಸ ಏನೇ ಆಗಲಿ ಸಿದ್ಧ ಎಂದು ಕೈಮುಗಿದ.

“ಈ ಚಾತುರ್ಮಾಸ ಮುಗಿಯೂತನಕ ನಿನ್ನ ಹೇಂತಿ ತಾಟಿಗೆ ಏನ ಹಾಕ್ತಾಳ ಅದನ್ನ ಉಣ್ಣು. ಎಲ್ಲಿದು ಅಂತ ಕೇಳಬ್ಯಾಡ. ಸಾಕು ಅನಬ್ಯಾಡ.”

ಪಾರಿಸ ನಿಯಮ ಹಿಡಿದ. ಮಹಾರಾಜರು ಆಶೀರ್ವದಿಸಿ ಎದ್ದು ಹೋದರು. ಉಳಿದದ್ದು ಸನ್ಮತಿಯ ಸಂಕಟ. ಅವನು ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಬ್ಯಾಂಡಿನ ಮುಖ್ಯಸ್ಥ ಬಂದು, ಮರಳುವ ಮೆರವಣಿಗೆಗೆ ಯಾವ ಹಾಡು ಬಾರಿಸಲಿ, ಯಾರಿಗಾಗಿ ಬಾರಿಸಲಿ ಎಂದು ಕೇಳುತ್ತಿದ್ದ. ಆಗ ತ್ರಿಶಲಾ ಮಾವಶಿ ಎದ್ದಳು. ಅವಳ ಅಂದಾಜು ತಪ್ಪಿರಬಹುದು, ಆದರೆ ಮಾಡಿಟ್ಟ ಏರ್ಪಾಡು ಹಾಳಾಗುವುದನ್ನು ನೋಡುತ್ತ ಕೂರುವ ಹೆಂಗಸಲ್ಲ. ಮದುವೆಯ ಹಾಡು ಬಾರಿಸು ಎಂದು ಅಪ್ಪಣೆ ಕೊಟ್ಟಳು. ಪಾರಿಸನನ್ನು ಮತ್ತೆ ಕುದುರೆ ಹತ್ತಿಸಿದರು. ಮಾವಶಿ ತನ್ನ ಕೊರಳಿಗೆ ಯಾರೋ ಹಾಕಿದ್ದ ಹಾರ ತೆಗೆದು ಶಾಲನಳ ಕೊರಳಿಗೆ ಹಾಕಿ, ಕುದುರೆಯ ಪಕ್ಕದಲ್ಲಿ ನಡೆ ಎಂದಳು. ಮನೆ ಬಿಡಲೆಂದು ಹೊರಟವನು ಹೀಗೆ ಊರ ಮಂದಿಯ ಎದುರಿಗೇ ವಾದ್ಯ ಬಾರಿಸಿಕೊಂಡು ಅತ್ತೆಯ ಮನೆಗೆ ಬಂದ. ಸೋನಲ ಬ್ಯಾಂಡಿನ ಮುಂದೆ ಕುಣಿದಳು. ಬೆಳಿಗ್ಗೆ ಅವನ ಪಾದ ಮುಟ್ಟಿದ್ದ ಮುದುಕಿಯರು ಈಗ ಮಾಳಿಗೆಯ ಮೇಲಿಂದ, ನಿಂದ್ರಪಾ ಇನ್ನೊಮ್ಮೆ ನೋಡೂಣು ಎಂದು ನಗುತ್ತ ಅಕ್ಷತೆ ಎಸೆದರು.

ಸನ್ಮತಿಯ ಮನೆಯ ಪಡಸಾಲೆಯಲ್ಲಿ ಹೊತ್ತಿರುವಾಗಲೇ ಪಂಕ್ತಿ ಬಿತ್ತು. ಅಡುಗೆಯವರು ಊರಿಗೆಲ್ಲ ಸಾಕಾಗುವಷ್ಟು ಮಾಡಿದ್ದರು. ಪಾಕೀಟಿನ ಎಣ್ಣೆಯಲ್ಲಿ ಕರಿದ ಪೂರಿ, ಹೂಕೋಸಿನ ಪಲ್ಯ, ಪೇಟೆಯ ಸಕ್ಕರೆಯ ಪಾಕದಲ್ಲಿ ಮುಳುಗಿದ ಜಿಲೇಬಿ. ಬಡಿಸಲು ಶಾಲನಳೇ ನಿಂತಳು. ಪಾರಿಸನ ತಾಟಿಗೆ ಪೂರಿ ಬಿದ್ದವು, ಪಲ್ಯ ಬಿತ್ತು, ಜಿಲೇಬಿಯ ಮೇಲೆ ಜಿಲೇಬಿ ಬಿತ್ತು. ಅವನು ಉಂಡ. ಎಲ್ಲಿಯದೆಂದು ಕೇಳಲಿಲ್ಲ. ತಾಟು ಬರಿದಾಗುವಷ್ಟರಲ್ಲಿ ಅವಳು ಮತ್ತೆ ಬುಟ್ಟಿ ಹಿಡಿದು ಬಂದಳು. ಅವನು ತಲೆಯೆತ್ತಿ ಅವಳ ಮುಖ ನೋಡಿದ. ಎಷ್ಟೋ ದಿನಗಳ ಮೇಲೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸಾಕು ಎನ್ನಲು ಪಾರಿಸ ಬಾಯಿ ತೆರೆದ, ನಿಯಮ ನೆನಪಾಗಿ ಹಾಗೆಯೇ ತಡೆದ. ತೆರೆದ ಬಾಯಿಗೆ ಶಾಲನ ಊರಿನವರೆಲ್ಲರ ಎದುರಿಗೆ ತನ್ನ ಕೈಯಿಂದಲೇ ಇನ್ನೊಂದು ಜಿಲೇಬಿ ಇಟ್ಟಳು.